ಮುಪ್ಪಿನ ಆರೈಕೆ: ಜನಪದ ಕ್ರಮಗಳು ಮತ್ತು ಇಂದಿನ ನೆರವಿನ ವ್ಯವಸ್ಥೆ

ಕನ್ನಡ ಜನಪದ ಬದುಕಿನಲ್ಲಿ ಹುಟ್ಟಿನ ಸುತ್ತ ನಡೆಯುವ ಆರೈಕೆಗೆ ಖಚಿತವಾದ ಒಂದು ಹೆಸರಿದೆ: ಬಾಣಂತನ. ಈ ಒಂದು ಪದದೊಳಗೆ ಇಡೀ ಒಂದು ವ್ಯವಸ್ಥೆಯೇ ಅಡಗಿದೆ. ಆರೈಕೆ ಯಾರ ಹೊಣೆ ಎಂಬುದು ಅಲ್ಲಿ ಮೊದಲೇ ತೀರ್ಮಾನವಾಗಿರುತ್ತದೆ; ಚೊಚ್ಚಲ ಹೆರಿಗೆಯಾದರೆ ತವರಿನದು. ಅವಧಿ ಮೂರು ತಿಂಗಳೋ ಐದು ತಿಂಗಳೋ ಎಂಬುದು ಎರಡೂ ಕಡೆಯವರಿಗೆ ಗೊತ್ತಿರುತ್ತದೆ. ಎಣ್ಣೆ ನೀರು, ಸಾಂಬ್ರಾಣಿಯ ಹೊಗೆ, ಅಂಟಿನುಂಡೆ, ಮೆಣಸಿನ ಸಾರು, ಬೆಚ್ಚನೆಯ ಕೋಣೆ, ಪಥ್ಯ ಎಂಬ ವಿವರಗಳು ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾದರೂ ಕ್ರಮ ಒಂದೇ. ಹೊರಗಿನಿಂದ ಬಂದು ಕೈಗೂಡಿಸುವ ಸೂಲಗಿತ್ತಿ ಇದ್ದಾಳೆ. ಆಕೆಗೆ ಸಲ್ಲಬೇಕಾದ ಕಾಳು, ಕುಪ್ಪಸದ ಬಟ್ಟೆ, ಎಲೆ ಅಡಿಕೆಗಳ ಲೆಕ್ಕವೂ ಇದೆ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಸಂದಾಗ ಈ ವಿದ್ಯೆಗೆ ರಾಷ್ಟ್ರಮಟ್ಟದ ಮನ್ನಣೆ ದೊರೆಯಿತು.

ಬದುಕಿನ ಇನ್ನೊಂದು ತುದಿಯಲ್ಲಿ ಇಂಥ ಪದವಿಲ್ಲ. ಹಾಸಿಗೆ ಹಿಡಿದ ಅತ್ತೆಯನ್ನೋ ಮಾವನನ್ನೋ ವರ್ಷಗಟ್ಟಲೆ ಸಲಹುವ ಕೆಲಸವನ್ನು ಜನ 'ಸೇವೆ' ಎನ್ನುತ್ತಾರೆ, 'ಚಾಕರಿ' ಎನ್ನುತ್ತಾರೆ, ಬರಿದೇ 'ನೋಡಿಕೊಳ್ಳೋದು' ಎನ್ನುತ್ತಾರೆ. ಬೇಸತ್ತಾಗ 'ಹೇಲು ಉಚ್ಚೆ ಬಾಚೋದು' ಎಂದೂ ಎನ್ನುತ್ತಾರೆ. ಮೊದಲನೆಯದು ದೇವರ ಮನೆಯಿಂದ ಬಂದ ಮಾತು, ಎರಡನೆಯದು ಧಣಿಯ ಮನೆಯಿಂದ ಬಂದದ್ದು, ಕೊನೆಯದರಲ್ಲಿ ಮಾತ್ರ ಕೆಲಸದ ನಿಜವಾದ ಸ್ವರೂಪ ಕಾಣುತ್ತದೆ. ಆದರೆ ಯಾವುದರಲ್ಲಿಯೂ ಅವಧಿಯಿಲ್ಲ, ಬದಲಿ ಕೈಯಿಲ್ಲ, ಸಲ್ಲಬೇಕಾದ ಮರ್ಯಾದೆಯ ಲೆಕ್ಕವಿಲ್ಲ. ಸರ್ಕಾರಿ ಕಾಗದಪತ್ರಗಳಲ್ಲಿ ಈಗ ಬಳಕೆಗೆ ಬಂದಿರುವ 'ಆರೈಕೆದಾರರು' ಎಂಬುದು ತೀರ ಇತ್ತೀಚಿನ ರಚನೆ. ಅದರ ಮೂಲವಾದ 'ಆರಯ್' ಮಾತ್ರ ಹಳಗನ್ನಡದ ಧಾತು; ಹುಡುಕು, ವಿಚಾರಿಸು, ಸಲಹು ಎಂಬ ಅರ್ಥಗಳು ಅದರಲ್ಲಿ ಕೂಡಿಕೊಂಡಿವೆ. ಒಳ್ಳೆಯ ಪದವೇ ಹೌದು. ಆದರೆ ಅದಿನ್ನೂ ಹಳ್ಳಿಯ ಪಡಸಾಲೆಯನ್ನು ಮುಟ್ಟಿಲ್ಲ.

ಪದವಿಲ್ಲ ಎಂದಮಾತ್ರಕ್ಕೆ ಆರೈಕೆ ಇರಲಿಲ್ಲ ಎಂದಲ್ಲ. ಆರೈಕೆ ಮಾಡುವವರ ನೆರವಿಗೆ ರೂಢಿಯಾದ ಕ್ರಮ ಇರಲಿಲ್ಲ ಎಂಬುದೇ ಇಲ್ಲಿನ ಮುಖ್ಯ ಸಂಗತಿ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ 60 ವರ್ಷ ದಾಟಿದವರು ಸುಮಾರು 58 ಲಕ್ಷ, ಅಂದರೆ ಒಟ್ಟು ಜನಸಂಖ್ಯೆಯ ಶೇಕಡಾ 9.5ರಷ್ಟು. ಅಲ್ಲಿಂದೀಚೆಗೆ ಈ ಪ್ರಮಾಣ ಏರುತ್ತಲೇ ಇದೆ. ಇವರಿಗಾಗಿ ರೂಪುಗೊಂಡ ಯೋಜನೆಗಳು, ಸಹಾಯವಾಣಿಗಳು, ಕಾನೂನುಗಳು ಎಷ್ಟರಮಟ್ಟಿಗೆ ಮನೆಯೊಳಗೆ ಇಳಿದಿವೆ ಎಂಬುದನ್ನು ಅರಿಯಬೇಕಾದರೆ, ಆ ಮನೆಯಲ್ಲಿ ಹಿಂದಿನಿಂದ ನಡೆದುಬಂದ ಕ್ರಮಗಳನ್ನು ಮೊದಲು ನೋಡುವುದು ಅಗತ್ಯ.

ಹಳೆಯ ಮನೆಯ ರಚನೆಯಲ್ಲಿಯೇ ಮುಪ್ಪಿಗೊಂದು ಜಾಗವಿತ್ತು. ಜಗುಲಿ, ಪಡಸಾಲೆ, ಬಾಗಿಲ ಪಕ್ಕದ ಹೊರಸು ಇವು ಮುದುಕರ ನೆಲೆಗಳು. ಅಲ್ಲಿ ಕುಳಿತವರ ಕಣ್ಣಿಗೆ ಬೀದಿ ಬೀಳುತ್ತಿತ್ತು, ಬೀದಿಯವರ ಕಣ್ಣಿಗೆ ಅವರು ಬೀಳುತ್ತಿದ್ದರು. ಬೆಳಿಗ್ಗೆ ಜಗುಲಿಯಲ್ಲಿ ಕಾಣದ ಅಜ್ಜನನ್ನು ಹಾದುಹೋಗುವವರು ವಿಚಾರಿಸುತ್ತಿದ್ದರು. 'ಆರಯ್' ಎಂಬ ಧಾತುವಿನ ಮೂಲಾರ್ಥ ಇಲ್ಲಿಯೇ ಜೀವಂತವಾಗಿತ್ತು. ಕಾಳು ಹಸನು ಮಾಡುವುದು, ಹುಣಸೆಹಣ್ಣಿನ ಬೀಜ ಬಿಡಿಸುವುದು, ಬತ್ತಿ ಹೊಸೆಯುವುದು, ತೊಟ್ಟಿಲು ತೂಗುವುದು, ಉತ್ತರ ಕರ್ನಾಟಕದ ಕಡೆ ಹಳೆಯ ಸೀರೆಗಳನ್ನು ಜೋಡಿಸಿ ಕೌದಿ ಹೊಲಿಯುವುದು ಮುಂತಾದ ಕೆಲಸಗಳು ಬಲವನ್ನಲ್ಲ, ಬಿಡುವನ್ನು ಬೇಡುವಂಥವು. ಹಲ್ಲಿಲ್ಲದ ಬಾಯಿಗೆ ಎಲೆ ಅಡಿಕೆ ಕುಟ್ಟಿಕೊಡುವ ಪುಟ್ಟ ಕುಟ್ಟಾಣಿಯನ್ನು ನೆನೆಯಬಹುದು. ವಸ್ತುಸಂಸ್ಕೃತಿಯ ವಿವರಣೆಗಳಲ್ಲಿ ಅದನ್ನು ಎಲೆ ಅಡಿಕೆಯ ಸಾಮಗ್ರಿಯೆಂದು ಸೇರಿಸುವುದೇ ವಾಡಿಕೆ. ವಾಸ್ತವವಾಗಿ ಅದು ಮುಪ್ಪಿನ ಉಪಕರಣ; ಕುಟ್ಟುವ ಕೆಲಸ ಹೆಚ್ಚಾಗಿ ಮೊಮ್ಮಕ್ಕಳದು. ಆರೈಕೆಯ ಒಂದು ಸಣ್ಣ ಪಾಲು ಹೀಗೆ ಸೊಸೆಯ ಕೈಯಿಂದ ಮಗುವಿನ ಕೈಗೆ ದಾಟುತ್ತಿತ್ತು.

ಆದರೆ ಈ ಚಿತ್ರವನ್ನು ಇಲ್ಲಿಗೇ ನಿಲ್ಲಿಸಿ ಹಿಂದಿನದೆಲ್ಲ ಸೊಗಸೆಂದು ಬರೆಯುವುದು ಜಾನಪದ ಬರವಣಿಗೆಯಲ್ಲಿ ಆಗಾಗ ನಡೆಯುವ ತಪ್ಪು. ಮುಪ್ಪಿಗೆ ಆಸರೆ ಬೇಕೆಂಬ ಭಯ ಕಠಿಣವಾದ ಪದ್ಧತಿಗಳನ್ನೂ ಹುಟ್ಟಿಸಿದೆ. ಗಂಡುಮಕ್ಕಳಿಲ್ಲದವರು ಅಳಿಯನನ್ನು ಮನೆಯಲ್ಲೇ ಇರಿಸಿಕೊಂಡು ಆಸ್ತಿಯನ್ನೂ ಹೊಣೆಯನ್ನೂ ಒಟ್ಟಿಗೆ ಒಪ್ಪಿಸುವ ಮನೆಅಳಿಯತನ ಇದರಲ್ಲಿ ಸೌಮ್ಯವಾದುದು. ತುಳುನಾಡಿನ ಅಳಿಯಸಂತಾನದಲ್ಲಿ ಹೆಣ್ಣು ಹುಟ್ಟಿದ ಮನೆಯ ಹಕ್ಕನ್ನು ಕಳೆದುಕೊಳ್ಳದ ಕಾರಣ ಅವಳ ಮುಪ್ಪಿಗೂ ಅಲ್ಲೊಂದು ನೆಲೆ ಉಳಿಯುತ್ತಿತ್ತು. ಬಳ್ಳಾರಿ ಸೀಮೆಯ ಬಸವಿ ಪದ್ಧತಿ ಇನ್ನೊಂದು ಕೊನೆ. ಗಂಡುಸಂತಾನವಿಲ್ಲದ ತಂದೆತಾಯಿಗಳು ಮಗಳೊಬ್ಬಳನ್ನು ದೇವರಿಗೆ ಬಿಟ್ಟು, ಮದುವೆಯಿಲ್ಲದೆ ಮನೆಯಲ್ಲಿಯೇ ಉಳಿಸಿಕೊಂಡು, ಮಗನ ಹಕ್ಕನ್ನೂ ಮಗನ ಹೊಣೆಯನ್ನೂ ಅವಳ ಮೇಲೆ ಹೊರಿಸುತ್ತಿದ್ದರು. ಈ ಪದ್ಧತಿಯನ್ನು ಕುರಿತ ಚರ್ಚೆಯಲ್ಲಿ ದೈವ, ಜಾತಿ, ಲೈಂಗಿಕ ಶೋಷಣೆಗಳ ಪ್ರಶ್ನೆ ಮುಂದೆ ಬರುವುದು ನ್ಯಾಯವೇ. ಅದರ ಬೇರಿನಲ್ಲಿ ವೃದ್ಧಾಪ್ಯದ ಆಸರೆಯ ಪ್ರಶ್ನೆಯೂ ಇದೆ ಎಂಬುದು ಮರೆಯಾಗಬಾರದು. ಒಬ್ಬರ ಮುಪ್ಪಿನ ಭದ್ರತೆಗೆ ಇನ್ನೊಬ್ಬಳ ಹರೆಯವನ್ನು ತೆತ್ತ ವ್ಯವಸ್ಥೆ ಅದು. ಕರ್ನಾಟಕದಲ್ಲಿ ದೇವರಿಗೆ ಹೆಣ್ಣುಮಕ್ಕಳನ್ನು ಅರ್ಪಿಸುವುದನ್ನು ನಿಷೇಧಿಸಿದ ಕಾಯಿದೆ 1982ರದು.

ಹೆಚ್ಚು ವ್ಯಾಪಕವಾದದ್ದು, ಇಂದಿಗೂ ಉಳಿದಿರುವುದು, 'ಪಾಳಿ'. ಅಣ್ಣತಮ್ಮಂದಿರು ಹಿಸ್ಸೆಯಾದಾಗ ಹೊಲ, ದನ, ಪಾತ್ರೆಗಳಂತೆ ತಂದೆತಾಯಿಗಳ ಪಾಲನೆಯನ್ನೂ ಹಂಚಿಕೊಳ್ಳುವುದು ಇದರ ಕ್ರಮ. ಒಂದೊಂದು ತಿಂಗಳು ಒಬ್ಬೊಬ್ಬ ಮಗನ ಮನೆಯಲ್ಲಿ ಊಟ. 31 ದಿನದ ತಿಂಗಳು ಬಂದಾಗ ಆ ಹೆಚ್ಚಿನ ದಿನ ಅವ್ವ ಎಲ್ಲಿ ಉಣ್ಣಬೇಕು ಎಂಬ ಗೇಲಿಯ ಕಥೆಯನ್ನು ಜನ ನಗುತ್ತ ಹೇಳುತ್ತಾರೆ. ಕೇಳುತ್ತ ಕುಳಿತ ಮುದುಕಿಯರು ನಗುವುದಿಲ್ಲ. ಪಾಳಿಯಲ್ಲಿ ಸೊಸೆಯಂದಿರಿಗೆ ಬಿಡುವು ಸಿಗುತ್ತದೆ ಎಂಬುದು ನಿಜ. ಜನಪದ ಬದುಕು ಆರೈಕೆ ಮಾಡುವವರಿಗೆ ಕಲ್ಪಿಸಿದ ಬಿಡುವಿನ ಏರ್ಪಾಡುಗಳಲ್ಲಿ ಪ್ರಾಯಶಃ ಇದೇ ಪ್ರಮುಖವಾದದ್ದು. ಆದರೆ ಅದರ ಬೆಲೆಯನ್ನು ತೆರುವವರು ಹಿರಿಯರು. ತಿಂಗಳಿಗೊಮ್ಮೆ ಗಂಟು ಕಟ್ಟಿಕೊಂಡು ಹೊರಡಬೇಕು, ಬಚ್ಚಲಿನ ದಾರಿಯನ್ನು ಹೊಸದಾಗಿ ಕಲಿಯಬೇಕು. ನೆನಪು ಮಸುಕಾಗುತ್ತಿರುವವರಿಗಂತೂ ಇದು ದಿಕ್ಕೆಡಿಸುವ ಸಂಗತಿ. ಆರೈಕೆಯ ಕೈಗಳು ಬದಲಾಗಬೇಕಾದಲ್ಲಿ ಆರೈಕೆ ಪಡೆಯುವ ದೇಹವೇ ಊರೂರು ಬದಲಾಯಿಸಿದಂತಾಯಿತು.

ಜನಪದ ಕಥೆಗಳು ಈ ವಿಷಯದಲ್ಲಿ ಏನು ಹೇಳುತ್ತವೆ? ಕನ್ನಡದಲ್ಲಿ ಮುಪ್ಪನ್ನು ಕುರಿತು ಎರಡು ಕಥೆಗಳು ಹಲವೆಡೆ ಕೇಳಿಬರುತ್ತವೆ. ಒಂದರಲ್ಲಿ ಮದುವೆಯ ದಿಬ್ಬಣಕ್ಕೆ ಮುದುಕರು ಬರಕೂಡದೆಂದು ಹೆಣ್ಣಿನವರು ಷರತ್ತು ಹಾಕುತ್ತಾರೆ. ಬಚ್ಚಿಟ್ಟು ಕರೆದೊಯ್ದ ಒಬ್ಬ ಮುದುಕನೇ ಅವರ ಒಗಟುಗಳನ್ನು ಬಿಡಿಸಿ ಮಾನ ಉಳಿಸುತ್ತಾನೆ. ಇನ್ನೊಂದರಲ್ಲಿ ಮುದುಕನಿಗೆ ಚಿಪ್ಪಿನಲ್ಲೋ ಮಣ್ಣಿನ ಪರಟೆಯಲ್ಲೋ ಅನ್ನ ಹಾಕುತ್ತಾರೆ. ಅವನು ಸತ್ತ ಮೇಲೆ ಮೊಮ್ಮಗ ಅದನ್ನು ಎತ್ತಿಟ್ಟು, 'ಅಪ್ಪ, ನಿನಗೆ ಬೇಕಾಗುತ್ತದೆ' ಎನ್ನುತ್ತಾನೆ. ಎರಡೂ ಜಗತ್ತಿನ ಹಲವು ಭಾಷೆಗಳಲ್ಲಿರುವ ಕಥೆಗಳು. ಅಂತಾರಾಷ್ಟ್ರೀಯ ಕಥಾವರ್ಗ ಸೂಚಿಯಲ್ಲಿ ಇವು 981 ಮತ್ತು 980ನೆಯ ಸಂಖ್ಯೆಯವು. ಮೊದಲನೆಯದು ಹಿರಿಯರ ತಿಳಿವಳಿಕೆಯನ್ನು ಹೊಗಳುತ್ತದೆ, ಎರಡನೆಯದು ಮಕ್ಕಳ ಕೃತಘ್ನತೆಯನ್ನು ಚುಚ್ಚುತ್ತದೆ. ಆ ಚಿಪ್ಪಿಗೆ ದಿನಾ ಅನ್ನ ಬಡಿಸಿದ ಸೊಸೆಯ ದಿನಚರಿ ಮಾತ್ರ ಎರಡರಲ್ಲಿಯೂ ಇಲ್ಲ. ಇದ್ದರೆ ಅವಳು ಕೇಡಿಗಳಾಗಿ ಇರುತ್ತಾಳೆ. ಬೀಸುವ ಪದಗಳಲ್ಲಿ ಸೊಸೆ ಮಾತನಾಡುತ್ತಾಳಾದರೂ ಅದು ಹರೆಯದ ಸೊಸೆಯ ದನಿ. ಬಿರುಸಿನ ಅತ್ತೆಯ ಮೇಲಿನ ದೂರು. ಹಾಸಿಗೆ ಹಿಡಿದ ಅತ್ತೆಯನ್ನು ಮಗ್ಗುಲು ಹೊರಳಿಸುವ ನಡುವಯಸ್ಸಿನ ಸೊಸೆಯ ಹಾಡು ಸಂಗ್ರಹಗಳಲ್ಲಿ ಅಪರೂಪ. 'ಅತ್ತೆಗೊಂದು ಕಾಲ ಸೊಸೆಗೊಂದು ಕಾಲ' ಎಂಬ ಗಾದೆ ಈ ಮಧ್ಯದ ಅವಸ್ಥೆಯನ್ನು ಹಾರಿಬಿಡುತ್ತದೆ.

ಈ ಮೌನ ಇಂದಿನ ಸರ್ಕಾರಿ ವ್ಯವಸ್ಥೆಯಲ್ಲಿಯೂ ಮುಂದುವರಿದಿದೆ. ಹಿರಿಯರಿಗೆ ನೇರವಾಗಿ ಸಲ್ಲುವ ನೆರವಿನಲ್ಲಿ ಪಿಂಚಣಿ ಮೊದಲನೆಯದು. ಕರ್ನಾಟಕದ ಸಂಧ್ಯಾ ಸುರಕ್ಷಾ ಯೋಜನೆ 2007ರಲ್ಲಿ ಆರಂಭವಾದಾಗ 65 ದಾಟಿದ ಅರ್ಹರಿಗೆ ತಿಂಗಳಿಗೆ 400 ರೂಪಾಯಿ ದೊರೆಯುತ್ತಿತ್ತು. ಅದು ಹಂತಹಂತವಾಗಿ ಏರಿ 1,200 ರೂಪಾಯಿಗೆ ಬಂದಿದೆ. ಮೊತ್ತ ಚಿಕ್ಕದಾದರೂ ಮುದುಕಿಯ ಕೈಯಲ್ಲಿ ತನ್ನದೆನ್ನುವ ದುಡ್ಡು ಇರುವುದು ಮನೆಯೊಳಗಿನ ಮಾತಿನ ಧಾಟಿಯನ್ನೇ ಬದಲಿಸುತ್ತದೆ. ಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ನೀಡುವ ಮಾಸಾಶನವನ್ನೂ ಇಲ್ಲಿಯೇ ಸ್ಮರಿಸಬೇಕು. ಹಿರಿಯ ನಾಗರಿಕರ ಗುರುತಿನ ಚೀಟಿ, ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಶೇಕಡಾ 25ರ ರಿಯಾಯಿತಿ ಮೊದಲಾದವು ಎಲ್ಲರಿಗೂ ತಿಳಿದವು. ಯಾವ ಹಿರಿಯರ ಯೋಜನೆಯ ಪಟ್ಟಿಯಲ್ಲಿಯೂ ಕಾಣದ ಒಂದು ನೆರವು ಮಾತ್ರ ವಿಶೇಷವಾಗಿ ಗಮನಾರ್ಹ. 2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆಯಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ದೂರದೂರಿಗೆ ಮದುವೆಯಾಗಿ ಹೋದ ಮಗಳು ಗಂಡನ ಮುಂದೆ ಕೈಚಾಚದೆ ತವರಿಗೆ ಬಂದು, ತಾಯಿಗೆ ಎಣ್ಣೆ ನೀರು ಹಾಕಿ, ಅತ್ತಿಗೆಗೆ ಎರಡು ದಿನದ ಬಿಡುವು ಕೊಟ್ಟು ಹಿಂದಿರುಗುವುದು ಇದರಿಂದ ಸುಲಭವಾಯಿತು. ತವರಿನ ಹಾದಿಯನ್ನು ಕುರಿತು ಹೇರಳವಾಗಿ ಹಾಡಿರುವ ಜನಪದ ಪರಂಪರೆಗೆ ಈ ನೆರವಿನ ಅರ್ಥ ಬೇಗ ಹೊಳೆಯುತ್ತದೆ.

ನಗರದಲ್ಲಿ ಜಗುಲಿ ಅಳಿಯಿತು. ಅದರ ಜೊತೆಗೆ ದಿನವೂ ವಿಚಾರಿಸಿಕೊಳ್ಳುವ ರೂಢಿಯೂ ಹೋಯಿತು. ಇದನ್ನು ಬೇರೆ ರೂಪದಲ್ಲಿ ತುಂಬುವ ಯತ್ನಗಳಲ್ಲಿ ಬೆಂಗಳೂರಿನ ಹಿರಿಯರ ಸಹಾಯವಾಣಿ ಮುಖ್ಯವಾದುದು. 1998ರಲ್ಲಿ ಸ್ಥಾಪನೆಗೊಂಡ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್, ನಗರ ಪೊಲೀಸರ ಜೊತೆಗೂಡಿ 2002ರಲ್ಲಿ 1090 ಸಂಖ್ಯೆಯ ಸಹಾಯವಾಣಿಯನ್ನು ಆರಂಭಿಸಿತು. ಕಿರುಕುಳ, ಆಸ್ತಿಯ ವ್ಯಾಜ್ಯ, ಒಂಟಿತನ, ವಂಚನೆ ಎಲ್ಲವೂ ಅಲ್ಲಿಗೆ ಬರುತ್ತವೆ. ಎರಡೂ ಕಡೆಯವರನ್ನು ಕರೆಸಿ ಕೂರಿಸಿ ಮಾತಾಡಿಸುವ ಸಮಾಲೋಚನೆ ಅದರ ಕ್ರಮ. ಮುಂದೆ ರಾಷ್ಟ್ರಮಟ್ಟದಲ್ಲಿ 14567 ಸಂಖ್ಯೆಯ ಎಲ್ಡರ್‌ಲೈನ್ 2021ರಲ್ಲಿ ಬಂದಿತು. ನಗರಗಳಲ್ಲಿ ಸ್ವಯಂಸೇವಾ ಸಂಸ್ಥೆಗಳು ನಡೆಸುವ ಹಗಲು ಆರೈಕೆ ಕೇಂದ್ರಗಳು ಅರಳಿಕಟ್ಟೆಯ ಮರುಹುಟ್ಟು ಎನ್ನಬಹುದಾದಂಥವು. ಬೆಳಿಗ್ಗೆ ಹೋಗಿ ಸಂಜೆ ಮರಳುವ ಈ ಏರ್ಪಾಡಿನಲ್ಲಿ ಹಿರಿಯರಿಗೆ ಸಂಗಡ ಸಿಗುತ್ತದೆ, ಮನೆಯವರಿಗೆ ಹಗಲಿನ ಕೆಲವು ಗಂಟೆ ಸಿಗುತ್ತದೆ. ನಡೆದಾಡಬಲ್ಲವರಿಗೆ ಮಾತ್ರ ಇದು ಒದಗುತ್ತದೆ ಎಂಬುದೇ ಇದರ ಮಿತಿ.

ಕಾನೂನಿನ ಆಸರೆ ಹೆಚ್ಚು ಜಟಿಲವಾದುದು. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯಿದೆ 2007ರಲ್ಲಿ ಬಂದಿತು. ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯ ನ್ಯಾಯಮಂಡಳಿಗೆ ಹಿರಿಯರು ನೇರವಾಗಿ ಅರ್ಜಿ ಸಲ್ಲಿಸಬಹುದು. ವಕೀಲರಿಲ್ಲದೆ ವಿಚಾರಣೆ ನಡೆಯಬೇಕೆಂಬುದು ಕಾಯಿದೆಯ ಆಶಯ. ಜೀವನಾಂಶದ ಗರಿಷ್ಠ ಮಿತಿ ತಿಂಗಳಿಗೆ 10,000 ರೂಪಾಯಿ. ಊರ ಹಿರಿಯರು ಕಟ್ಟೆಯ ಮೇಲೆ ಮಾಡುತ್ತಿದ್ದ ನ್ಯಾಯವನ್ನು ಇದು ನೆನಪಿಸುತ್ತದೆ. ಜಾನಪದದ ದೃಷ್ಟಿಯಿಂದ ಇದರ 23ನೆಯ ಕಲಮು ಬಹಳ ಕುತೂಹಲಕರ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಹಿರಿಯರು ಆಸ್ತಿಯನ್ನು ವರ್ಗಾಯಿಸಿ, ಪಡೆದವರು ನೋಡಿಕೊಳ್ಳದೆ ಹೋದರೆ ಆ ವರ್ಗಾವಣೆಯನ್ನು ರದ್ದುಪಡಿಸಬಹುದು. ಆದರೆ ನಮ್ಮ ಹಳ್ಳಿಗಳಲ್ಲಿ ಈ ಷರತ್ತು ಇರುವುದು ಬಾಯಿಮಾತಿನಲ್ಲಿ. 'ಕಡೆಗಾಲಕ್ಕೆ ಒಂದು ತುತ್ತು ಹಾಕಪ್ಪ' ಎಂಬ ಮಾತು ದಾನಪತ್ರದ ಬರಹಗಾರನ ಕಿವಿಗೆ ಬಿದ್ದರೂ ಪತ್ರದೊಳಗೆ ಇಳಿಯುವುದಿಲ್ಲ. ಅಲ್ಲಿ 'ಪ್ರೀತಿ ವಿಶ್ವಾಸದಿಂದ' ಎಂಬ ಸಿದ್ಧ ಒಕ್ಕಣೆ ಮಾತ್ರ ಬರುತ್ತದೆ. ಅಂಥ ಷರತ್ತು ಇತ್ತೆಂಬುದು ಸಿದ್ಧವಾಗಬೇಕೆಂದು ಸರ್ವೋಚ್ಚ ನ್ಯಾಯಾಲಯ 2022ರ ಡಿಸೆಂಬರ್‌ನಲ್ಲಿ ಹೇಳಿತು. 2025ರ ಜನವರಿಯ ಇನ್ನೊಂದು ತೀರ್ಪಿನಲ್ಲಿ ಕಾಯಿದೆಯ ಉದ್ದೇಶವನ್ನು ಗಮನಿಸಿ ಉದಾರವಾಗಿ ಅರ್ಥೈಸಬೇಕೆಂದಿತು. ಆ ಪ್ರಕರಣದಲ್ಲಿ ಮಗ ಬರೆದುಕೊಟ್ಟ ವಚನಪತ್ರವೊಂದು ಇತ್ತೆಂಬುದು ಗಮನಾರ್ಹ. ಬಾಯಿಮಾತನ್ನೇ ನೆಚ್ಚಿದ ಸಮಾಜವೊಂದು ಕಾಗದದ ಮುಂದೆ ನಿಂತಾಗ ಕಳೆದುಕೊಳ್ಳುವುದೇನೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. ದಾನಪತ್ರ ಬರೆಸುವ ದಿನವೇ ಷರತ್ತನ್ನು ಅದರಲ್ಲಿ ಕಾಣಿಸುವಂತೆ ಹಿರಿಯರಿಗೆ ತಿಳಿಹೇಳುವುದು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಖರ್ಚಿಲ್ಲದೆ ಆಗಬಹುದಾದ ಕೆಲಸ.

ಇದೇ ಕಾಯಿದೆಯ ಇನ್ನೊಂದು ವಿವರವನ್ನೂ ನೋಡಬೇಕು. ಅದು 'ಮಕ್ಕಳು' ಎಂದು ವಿವರಿಸುವುದು ಮಗ, ಮಗಳು, ಮೊಮ್ಮಗ, ಮೊಮ್ಮಗಳನ್ನು. ಸೊಸೆಯ ಹೆಸರು ಅಲ್ಲಿಲ್ಲ. 2019ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಮಂಡಿತವಾದ ತಿದ್ದುಪಡಿ ಮಸೂದೆ ಸೊಸೆಯನ್ನೂ ಅಳಿಯನನ್ನೂ ಆ ವಿವರಣೆಗೆ ಸೇರಿಸಹೊರಟಿತ್ತು. ಅದು ಅಂಗೀಕಾರವಾಗದೆ ಸದನದ ಅವಧಿಯೊಂದಿಗೇ ಬಿದ್ದುಹೋಯಿತು. ಸೊಸೆಯನ್ನು ಕಾನೂನು ನೆನೆದದ್ದು ಹೊಣೆಗಾರ್ತಿಯಾಗಿ. ಈ ಕೆಲಸವನ್ನು ಈಗಾಗಲೇ ಮಾಡುತ್ತಿರುವವಳಾಗಿ, ಅದಕ್ಕೆ ನೆರವು ಬೇಕಾದವಳಾಗಿ ಅಲ್ಲ. ಚಿಪ್ಪಿನ ಕಥೆಯಲ್ಲಿ ನಡೆದದ್ದೇ ಇಲ್ಲಿಯೂ ನಡೆದಿದೆ.

ನೆನಪು ಕಳೆದುಕೊಳ್ಳುವ ಕಾಯಿಲೆಯಲ್ಲಿ ಈ ಕೊರತೆ ಹೆಚ್ಚು ತೀವ್ರವಾಗಿ ಕಾಣುತ್ತದೆ. 'ಅರವತ್ತಕ್ಕೆ ಅರಳುಮರಳು' ಎಂಬ ಗಾದೆ ಒಂದು ರೀತಿಯಲ್ಲಿ ಕರುಣಾಳು. ಮರೆವನ್ನು ಹುಚ್ಚೆಂದು ಕರೆಯದೆ ವಯಸ್ಸಿನ ಸಹಜ ಗುಣವೆಂದು ಅದು ಮನೆಯೊಳಗೆ ಉಳಿಸಿಕೊಂಡಿತು. ಅದೇ ಗಾದೆ ಈಗ ರೋಗಿಯನ್ನು ವೈದ್ಯರ ಬಳಿಗೆ ಕರೆದೊಯ್ಯುವುದನ್ನು ತಡಮಾಡಿಸುತ್ತದೆ. ಡಿಮೆನ್ಷಿಯಾ ಸಹಜ ಮುಪ್ಪಲ್ಲ, ಅದೊಂದು ರೋಗಾವಸ್ಥೆ. ಉಂಡದ್ದನ್ನು ಮರೆತು 'ಸೊಸೆ ಅನ್ನ ಹಾಕಲಿಲ್ಲ' ಎಂದು ನೆರೆಮನೆಯವರ ಮುಂದೆ ಅಳುವ ಅತ್ತೆಯನ್ನು ಊರು ನಂಬುತ್ತದೆ. ಕಥೆಗಳು ಅದನ್ನೇ ಕಲಿಸಿವೆ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗಳಲ್ಲಿ, 1992ರಲ್ಲಿ ಕೇರಳದಲ್ಲಿ ಆರಂಭವಾಗಿ ಕರ್ನಾಟಕಕ್ಕೂ ಹರಡಿದ ಆಲ್‌ಝೈಮರ್ಸ್ ಸಂಘಟನೆಯ ಶಾಖೆಗಳಲ್ಲಿ, ರೋಗಿಯ ಜೊತೆಗೆ ಮನೆಯವರಿಗೂ ತಿಳಿವಳಿಕೆ ಕೊಡುವ ಕೆಲಸ ನಡೆಯುತ್ತಿದೆ. ಆರೈಕೆ ಮಾಡುವವರು ಒಂದೆಡೆ ಕುಳಿತು ತಮ್ಮ ಅನುಭವ ಹಂಚಿಕೊಳ್ಳುವ ಕೂಟಗಳಲ್ಲಿ ಇದು ತನ್ನೊಬ್ಬಳ ಮನೆಯ ಕಥೆಯಲ್ಲವೆಂದು ಅರಿಯುವುದೇ ದೊಡ್ಡ ಸಮಾಧಾನ. ಬೀಸುವ ಕಲ್ಲಿನ ಎದುರುಬದುರು ಕೂತ ಹೆಣ್ಣುಮಕ್ಕಳಿಗೆ ಹಿಂದೆ ಸಿಗುತ್ತಿದ್ದುದೂ ಇದೇ. ತಾಲ್ಲೂಕು ಊರುಗಳಿಗೆ ಇಂಥ ಕೂಟಗಳು ಬರುವುದು ಇನ್ನೂ ಬಾಕಿ.

ಆರೈಕೆ ಮಾಡುವವರಿಗೇ ಸಲ್ಲುವ ನೆರವು ಒಂದಿಷ್ಟು ಕಾಣಿಸಿಕೊಂಡಿರುವುದು ವಿಕಲಚೇತನರ ಕ್ಷೇತ್ರದಲ್ಲಿ. 2024-25ರ ರಾಜ್ಯ ಆಯವ್ಯಯದಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ನೀಡುವುದಾಗಿ ಪ್ರಕಟಿಸಲಾಯಿತು. ಪಾರ್ಕಿನ್ಸನ್ಸ್ ಬಹುಮಟ್ಟಿಗೆ ಮುಪ್ಪಿನ ಕಾಯಿಲೆಯಾದ್ದರಿಂದ ಹಿರಿಯರ ಕೆಲವು ಮನೆಗಳೂ ಇದರ ವ್ಯಾಪ್ತಿಗೆ ಬರುತ್ತವೆ. ಹಣಕ್ಕಿಂತ ಮುಖ್ಯವಾದುದು, ಆರೈಕೆ ಮಾಡುವವರು ಸರ್ಕಾರದ ಲೆಕ್ಕದಲ್ಲಿ ಬೇರೆಯೇ ಒಬ್ಬ ವ್ಯಕ್ತಿಯಾಗಿ ಕಾಣಿಸಿಕೊಂಡದ್ದು.

ಹಣದಿಂದ ಬಗೆಹರಿಯದಿರುವುದು ರಾತ್ರಿ. ತಾವಾಗಿ ಹೊರಳಲಾಗದವರನ್ನು, ಬೆನ್ನುಹುಣ್ಣು ಆಗದಂತೆ, ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂಬುದು ಶುಶ್ರೂಷೆಯ ಸಾಮಾನ್ಯ ನಿಯಮ. ರಾತ್ರಿ ಹತ್ತಕ್ಕೆ ಮಲಗಿ ಬೆಳಿಗ್ಗೆ ಆರಕ್ಕೆ ಏಳುವವಳು ನಡುವೆ ಮೂರು ಸಲ ಎದ್ದು, ಆರಕ್ಕೆ ಮತ್ತೆ ಅದೇ ಕೆಲಸದಿಂದ ದಿನ ಆರಂಭಿಸಬೇಕು. ಆಸ್ಪತ್ರೆಯಲ್ಲಿ ಇದಕ್ಕೆ ದಾದಿಯರ ಮೂರು ಪಾಳಿ ಇರುತ್ತವೆ.

ಇದಕ್ಕೆ ಉತ್ತರದ ಒಂದು ಮಾದರಿ ಕನ್ನಡ ನುಡಿಯುವ ನೆಲದಲ್ಲಿಯೇ ಇದೆ, ರಾಜ್ಯದ ಗಡಿಯ ಆಚೆಗೆ. 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನ ಕನ್ನಡಿಗರು ಭಾಷೆಯ ವಿಷಯದಲ್ಲಿ ಅನುಭವಿಸಿದ ನಷ್ಟ ಬಹಳ ಚರ್ಚೆಯಾಗಿದೆ. ಮುಪ್ಪಿನ ಆರೈಕೆಯ ವಿಷಯದಲ್ಲಿ ಅವರಿಗೆ ದೊರೆತದ್ದು ಅಷ್ಟಾಗಿ ಚರ್ಚೆಗೆ ಬಂದಿಲ್ಲ. 1990ರ ದಶಕದಲ್ಲಿ ಕೋಳಿಕ್ಕೋಡಿನ ಚಿಕಿತ್ಸಾಲಯವೊಂದರಿಂದ ಮೊದಲಾಗಿ, ಮಲಪ್ಪುರದ ನೆರೆಹೊರೆಯ ಸ್ವಯಂಸೇವಕರ ಜಾಲವಾಗಿ ಬೆಳೆದ ಉಪಶಮನ ಆರೈಕೆಯ ಕ್ರಮವನ್ನು ಕೇರಳ ಸರ್ಕಾರ 2008ರಲ್ಲಿ ನೀತಿಯಾಗಿ ಒಪ್ಪಿಕೊಂಡಿತು. ಅದರಂತೆ ಸ್ಥಳೀಯ ಪಂಚಾಯಿತಿಗಳು ಹಾಸಿಗೆ ಹಿಡಿದವರ ಮನೆಗೆ ತರಬೇತಾದ ದಾದಿಯನ್ನು ಕಳುಹಿಸುತ್ತವೆ. 'ಪಾಲಿಯೇಟಿವ್‌ನವರು' ಎಂದೇ ಜನ ಅವರನ್ನು ಕರೆಯುವುದು. ದಾದಿ ಹುಣ್ಣು ತೊಳೆಯುತ್ತಾಳೆ, ಮೂತ್ರದ ನಳಿಗೆ ಬದಲಿಸುತ್ತಾಳೆ. ಊರಿನ ಸ್ವಯಂಸೇವಕರು ಜೊತೆಗೆ ಬಂದು ಒಂದಿಷ್ಟು ಹೊತ್ತು ಕೂತು ಮಾತಾಡಿಸುತ್ತಾರೆ. ಗೊತ್ತಾದ ದಿನಕ್ಕೆ ಹೊರಗಿನಿಂದ ಬರುವ, ಕೆಲಸ ಬಲ್ಲ ಒಂದು ಕೈ: ಬಾಣಂತನದಲ್ಲಿ ಸೂಲಗಿತ್ತಿಗಿದ್ದ ಸ್ಥಾನವೇ ಇದು. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಆಶಾ ಕಾರ್ಯಕರ್ತೆಯರೂ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ಈಗಾಗಲೇ ಮನೆಮನೆಯ ಬಾಗಿಲು ಬಲ್ಲವರು. 2024ರಲ್ಲಿ ಕೋಲಾರ ಜಿಲ್ಲೆಯಿಂದ ಆರಂಭವಾದ ಗೃಹ ಆರೋಗ್ಯ ಯೋಜನೆ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ತಪಾಸಣೆಯನ್ನು ಮನೆಬಾಗಿಲಿಗೆ ಒಯ್ದಿದೆ. ಆ ಬಾಗಿಲಿನಿಂದ ಹಾಸಿಗೆಯವರೆಗಿನ ದಾರಿ ಹೆಚ್ಚು ದೂರದ್ದಲ್ಲ.

ಗಡಿಯಾಚೆಯ ಮನೆಗಳಲ್ಲಿ ದಾದಿ ರೋಗಿಯ ಕೆಲಸ ಮುಗಿಸಿದ ಮೇಲೆ ಹೊರಡುವ ಮುನ್ನ ಮನೆಯವಳ ಕಡೆಗೂ ತಿರುಗುತ್ತಾಳೆ. ಬೆನ್ನಿಗೆ ದಿಂಬು ಕೊಟ್ಟು, ಹಾಸುಬಟ್ಟೆಯ ಅಂಚು ಹಿಡಿದು, ಒಬ್ಬಳೇ ನಡು ನೋಯದಂತೆ ಮಗ್ಗುಲು ಹೊರಳಿಸುವುದು ಹೇಗೆಂದು ತೋರಿಸಿಕೊಡುತ್ತಾಳೆ. ನಿದ್ದೆ ಬರುತ್ತಿದೆಯೇ, ಊಟ ಸರಿಯಾಗಿ ಆಗುತ್ತಿದೆಯೇ ಎಂದು ಅವಳನ್ನೇ ಕೇಳುತ್ತಾಳೆ. ಮತ್ತೆ ಬರುವ ದಿನವನ್ನು ಹೇಳಿ ಹೋಗುತ್ತಾಳೆ.